ಲಡಾಖಿನ ಮಣ್ಣಿನ ಮನೆಗಳು

ಕೇಂದ್ರ ಸರಕಾರದ ನೌಕರನಿಗೆ ಎರಡು ವರ್ಷಕ್ಕೊಮ್ಮೆ ಹುಟ್ಟೂರಿಗೆ ಹೋಗಿಬರಲು ಪ್ರಯಾಣದ ವೆಚ್ಚ ದೊರೆಯುತ್ತದೆ ಎಂಬುದು ದಿಲ್ಲಿಯ ಕನ್ನಡಿಗರಿಗೆ ಹೊಸ ವಿಷಯವಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಮದುವೆ, ಮುಂಜಿ, ಚೌಲಗಳಿಗೆ ಮುಹೂರ್ತ ಇಡುವವರು ಪುರೋಹಿತರಲ್ಲ, ಈ ಎಲ್.ಟಿ.ಸಿ. ನಿಯಮಗಳೇ. ಅದೇ ನಿಯಮಗಳ ಒಂದು ಮೂಲೆಯಲ್ಲಿ, ಊರಿನ ಪ್ರಯಾಣವನ್ನು ಬಿಟ್ಟುಕೊಟ್ಟವನು ಅದರ ಬದಲಿಗೆ ಜಮ್ಮು-ಕಾಶ್ಮೀರಕ್ಕೆ ವಿಮಾನದಲ್ಲಿಯೇ ಹೋಗಿಬರಬಹುದು ಎಂಬ ಸವಲತ್ತೂ ಇತ್ತು. ದಿನವಿಡೀ ಇತರರ ಬಿಲ್ಲುಗಳನ್ನು ತಿರುವಿಹಾಕುವ ಗುಮಾಸ್ತನಿಗೆ ಇಂಥ ಮೂಲೆಗಳು ಬೇಗನೆ ಕಣ್ಣಿಗೆ ಬೀಳುತ್ತವೆ. ಹಾಗಾಗಿ 2018ರ ಜೂನ್ ತಿಂಗಳಲ್ಲಿ ನಾನು, ನನ್ನ ಮನೆಯಾಕೆ, ಆರು ವರ್ಷದ ಮಗಳು ಮತ್ತು ಅಮ್ಮ, ನಾಲ್ವರೂ ಲಡಾಖಿಗೆ ಹೊರಟೆವು. ಲಡಾಖ್ ಆಗಿನ್ನೂ ಜಮ್ಮು-ಕಾಶ್ಮೀರ ರಾಜ್ಯಕ್ಕೆ ಸೇರಿತ್ತು. ಅದು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾದದ್ದು 2019ರ ಅಕ್ಟೋಬರ್ 31ರಂದು.

"ಶಿರಸಿ ಬಿಟ್ಟು ಹಿಮಾಲಯಕ್ಕೆ ಹೋಗುವುದಕ್ಕೆ ನಾನೇನು ಪಾಂಡವರ ಪೈಕಿಯೇ?" ಎಂದು ಅಮ್ಮ ಒಂದು ವಾರ ಗೊಣಗಿದಳು. ಆಮೇಲೆ ತಾನಾಗಿಯೇ ಶಾಲು, ಕಂಬಳಿ, ಚಟ್ನಿಪುಡಿ ಕಟ್ಟಿಕೊಂಡು ಸಿದ್ಧಳಾದಳು.

ಲಡಾಖಿಗೆ ಹೋಗುವವರು ಸಾಮಾನ್ಯವಾಗಿ ಪಾಂಗೊಂಗ್ ಸರೋವರದ ನೀಲಿಯನ್ನೂ, ಎತ್ತರದ ಕಣಿವೆದಾರಿಗಳನ್ನೂ ನೋಡಿ ಬರುತ್ತಾರೆ. ಅವನ್ನು ವರ್ಣಿಸುವವರು ಬಹಳ ಮಂದಿ ಇದ್ದಾರೆ. ನಾನಿಲ್ಲಿ ಬರೆಯಹೊರಟಿರುವುದು ಅಲ್ಲಿನ ಮನೆಗಳ ವಿಷಯ. ಮಲೆನಾಡಿನ ಮಣ್ಣುಗೋಡೆಯ ಮನೆಯಲ್ಲಿ ಹುಟ್ಟಿ ಇಂದು ಸರಕಾರಿ ಕ್ವಾರ್ಟರ್ಸಿನಲ್ಲಿ ಬಾಳುವ ನನ್ನಂಥವನಿಗೆ ಆ ಪ್ರಯಾಣದಲ್ಲಿ ಮನಸ್ಸಿಗೆ ನಾಟಿದ್ದು ಅದೇ.

ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಿಂದ ಇಳಿದವರು ಎರಡು ದಿನ ಸುಮ್ಮನೆ ಮಲಗಿರಬೇಕು. ಗಾಳಿ ಅಷ್ಟು ತೆಳು. ಆ ಎರಡು ದಿನ ಕಿಟಕಿಯಲ್ಲಿ ಕೂತು ನೋಡಿದ್ದೇ ನೋಡಿದ್ದು. ಎದುರಿನ ಗುಡ್ಡದ ಮೇಲೆ ಒಂಬತ್ತು ಅಂತಸ್ತಿನ ಹಳೆಯ ಅರಮನೆ. 17ನೆಯ ಶತಮಾನದಲ್ಲಿ ಸೆಂಗ್ಗೆ ನಮ್‌ಗ್ಯಾಲ್ ಎಂಬ ಅರಸನ ಕಾಲದ್ದು. ಕಲ್ಲು, ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ ಮತ್ತು ಮರ, ಇಷ್ಟರಿಂದಲೇ ಕಟ್ಟಿದ್ದು. ಸುಟ್ಟ ಇಟ್ಟಿಗೆಯಲ್ಲ, ಇಟ್ಟಿಗೆ ಸುಡುವುದಕ್ಕೆ ಅಲ್ಲಿ ಕಟ್ಟಿಗೆ ಎಲ್ಲಿಂದ ಬರಬೇಕು? ಬೆಟ್ಟಗಳ ಮೇಲೆ ಒಂದು ಗಿಡವಿಲ್ಲ. ಹಸಿರೆಂಬುದು ಹಿಮ ಕರಗಿದ ನೀರು ಹರಿಯುವ ಕಾಲುವೆಯ ಪಕ್ಕದಲ್ಲಿ ಮಾತ್ರ.

ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಆಷಾಢದಲ್ಲಿ ಜೋರು ಹಿಡಿದರೆ ಶಿರಸಿಯಲ್ಲಿ ಒಂದೇ ದಿನ ಅಷ್ಟು ಸುರಿಯುತ್ತದೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಆದರೆ ಆ ಚಳಿಯಲ್ಲೂ ಬಿಸಿಲಿಗೆ ಕೊರತೆಯಿಲ್ಲ. ಮಳೆ ಇಲ್ಲ, ಮರ ಇಲ್ಲ, ಬಿಸಿಲು ಉಂಟು, ಮಣ್ಣು ಉಂಟು: ಲಡಾಖಿನ ಮನೆ ಹುಟ್ಟಿದ್ದು ಈ ನಾಲ್ಕು ಮಾತುಗಳಿಂದ.

ಮನೆಯ ಬುಡಕ್ಕೆ ಕಲ್ಲು. ಮೇಲೆ ದಪ್ಪ ಮಣ್ಣಿನ ಗೋಡೆ. ದಕ್ಷಿಣಕ್ಕೆ ದೊಡ್ಡ ಕಿಟಕಿಗಳು. ಉತ್ತರಕ್ಕೆ ಬಹುತೇಕ ಕುರುಡುಗೋಡೆ. ಕೆಳಗಿನ ಅಂತಸ್ತಿನಲ್ಲಿ ದನಕರು, ಮೇಲಿನದರಲ್ಲಿ ಮನುಷ್ಯರು. ಕೊಟ್ಟಿಗೆಯ ಕಾವು ಮೇಲಿನವರಿಗೂ ಸಲ್ಲುತ್ತದೆ. ಮಾಡು ಚಪ್ಪಟೆ. ಪಾಪ್ಲರ್ ಮರದ ತೊಲೆಗಳ ಮೇಲೆ ವಿಲೋ ಗಿಡದ ಸಣ್ಣ ಕಡ್ಡಿಗಳನ್ನು ಒತ್ತೊತ್ತಾಗಿ ಹಾಸಿ, ಅದರ ಮೇಲೆ ಹುಲ್ಲು ಹರಡಿ, ಕೊನೆಗೆ ಜೇಡಿಮಣ್ಣು ಬಡಿದು ಕೂರಿಸುತ್ತಾರೆ. ಈ ಎರಡು ಜಾತಿಯ ಮರಗಳನ್ನೂ ಊರಿನವರೇ ಕಾಲುವೆಯ ದಂಡೆಯಲ್ಲಿ ನೆಟ್ಟು ಬೆಳೆಸಿಕೊಳ್ಳಬೇಕು. ಮಾಡಿನ ಅಂಚಿಗೆ ಸುತ್ತಲೂ ಒಣಹುಲ್ಲು, ಸೌದೆ ಒಟ್ಟಿರುತ್ತಾರೆ. ಚಳಿಗಾಲಕ್ಕೆ ಮೇವು ಅಲ್ಲಿಯೇ ಸಿದ್ಧ.

ಮೂರನೆಯ ದಿನ ಬಾಡಿಗೆಯ ಮೋಟಾರು ಹಿಡಿದು ಸಿಂಧೂ ನದಿಯ ಗುಂಟ ಪಶ್ಚಿಮಕ್ಕೆ ಹೊರಟೆವು. ಲೇಹ್‌ನಿಂದ ಹೆಚ್ಚು ದೂರವಿಲ್ಲದ ಫೇ ಎಂಬ ಹಳ್ಳಿಯ ಬಳಿ, ನದಿಯ ದಡದ ಮರಳುಗಾಡಿನಲ್ಲಿ ಒಂದು ವಿದ್ಯಾರ್ಥಿ ನಿವಾಸವಿದೆ. 1988ರಲ್ಲಿ ಸೋನಮ್ ವಾಂಗ್‌ಚುಕ್ ಮತ್ತು ಅವರ ಗೆಳೆಯರು ಆರಂಭಿಸಿದ ಸೆಕ್ಮೋಲ್ ಎಂಬ ಸಂಸ್ಥೆಯದು. ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗ ಹುಡುಗಿಯರಿಗೆಂದೇ ಅದನ್ನು ಕಟ್ಟಿದರು. ಮಣ್ಣನ್ನು ಹಲಗೆಗಳ ನಡುವೆ ಸುರಿದು, ಗುದ್ದಿ ಗಟ್ಟಿಮಾಡಿ ಎಬ್ಬಿಸಿದ ಗೋಡೆಗಳು. ಚಳಿಗಾಲದಲ್ಲಿ ದಕ್ಷಿಣದ ಗೋಡೆಗೆ ಪ್ಲಾಸ್ಟಿಕ್ಕಿನ ಪರದೆ ಇಳಿಬಿಟ್ಟರೆ ಅದೇ ಒಂದು ಗಾಜಿನ ಮನೆಯಂತಾಗುತ್ತದೆ. ಹಗಲು ಕೂಡಿಟ್ಟ ಬಿಸಿಲಿನ ಕಾವನ್ನು ಗೋಡೆ ರಾತ್ರಿ ಒಳಗೆ ಬಿಡುತ್ತದೆ. ಹೊರಗೆ ನೀರು ಕಲ್ಲಾಗುವ ಚಳಿಯಲ್ಲಿಯೂ ಒಳಗೆ ಕಟ್ಟಿಗೆ ಸುಡುವ ಅಗತ್ಯ ಬೀಳುವುದಿಲ್ಲ. 2016ರಲ್ಲಿ ಮಣ್ಣಿನ ಕಟ್ಟಡಗಳಿಗೆ ಮೀಸಲಾದ ಅಂತರರಾಷ್ಟ್ರೀಯ ಟೆರ್ರಾ ಪ್ರಶಸ್ತಿ ಇದಕ್ಕೆ ಬಂತು.

ನನಗೆ ಗೋಡೆಗಿಂತ ಹೆಚ್ಚು ಸೋಜಿಗವೆನಿಸಿದ್ದು ಅಲ್ಲಿನ ಆಡಳಿತ. ಅಡಿಗೆ, ಹಸುಗಳ ಆರೈಕೆ, ತೋಟ, ಸೌರ ವಿದ್ಯುತ್ತಿನ ಉಪಕರಣಗಳ ದೇಖರೇಖೆ, ಎಲ್ಲವೂ ವಿದ್ಯಾರ್ಥಿಗಳ ಕೈಯಲ್ಲೇ. ಅವರಲ್ಲೇ ಚುನಾವಣೆ, ಅವರಲ್ಲೇ ಜವಾಬ್ದಾರಿಯ ಹಂಚಿಕೆ; ಕೆಲವು ವಾರಗಳಿಗೊಮ್ಮೆ ಕೆಲಸ ಬದಲು. ಒಂದು ಕಡತ ಒಂದು ಮೇಜಿನಿಂದ ಮತ್ತೊಂದಕ್ಕೆ ಹೋಗಲು ಎಷ್ಟು ದಿನ ಬೇಕೆಂಬುದನ್ನು ಬಲ್ಲ ನಾನು, ಹದಿನಾರರ ಹುಡುಗಿಯೊಬ್ಬಳು ಐದು ನಿಮಿಷದಲ್ಲಿ ನೀರಿನ ಪಂಪಿನ ಹೊಣೆಯನ್ನು ಇನ್ನೊಬ್ಬಳಿಗೆ ಒಪ್ಪಿಸಿಕೊಟ್ಟದ್ದನ್ನು ಬೆರಗಾಗಿ ನೋಡಿದೆ.

ಮುಂದೆ ನಿಮ್ಮು ಎಂಬಲ್ಲಿ ಝನ್ಸ್‌ಕಾರ್ ನದಿ ಸಿಂಧುವನ್ನು ಕೂಡುತ್ತದೆ. ಅದನ್ನು ದಾಟಿದರೆ ಬಾಸ್ಗೋ. ಸವೆದ ಮಣ್ಣುದಿಬ್ಬಗಳ ತುದಿಯಲ್ಲಿ ಹಳೆಯ ಕೋಟೆ, ಮೈತ್ರೇಯ ಬುದ್ಧನ ಗುಡಿಗಳು. ದಿಬ್ಬ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ತಟ್ಟನೆ ತಿಳಿಯುವುದಿಲ್ಲ. 17ನೆಯ ಶತಮಾನದ ಯುದ್ಧದಲ್ಲಿ ಈ ಕೋಟೆ ಮೂರು ವರ್ಷ ಮುತ್ತಿಗೆಯನ್ನು ತಡೆದುಕೊಂಡಿತೆಂದು ಹೇಳುತ್ತಾರೆ. ಶತ್ರುವಿಗೆ ಬಗ್ಗದ ಕೋಟೆ ಉಪೇಕ್ಷೆಗೆ ಬಗ್ಗಿತು; ಗೋಡೆಗಳು ಬಿರಿದವು, ಗುಡಿಗಳ ಮಾಡು ಸೋರತೊಡಗಿತು. ಆಗ ಊರಿನವರೇ ಒಂದು ಸಮಿತಿ ಮಾಡಿಕೊಂಡು, ತಜ್ಞರನ್ನು ಕರೆಸಿ, ತಾವೇ ಮಣ್ಣು ಹೊತ್ತು ಗುಡಿಗಳನ್ನು ಉಳಿಸಿಕೊಂಡರು. ಆ ಕೆಲಸಕ್ಕೆ 2007ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಅತ್ಯುನ್ನತವಾದದ್ದು ದೊರೆಯಿತು.

ಅಂದು ಸಂಜೆಗೆ ಅಲ್ಚಿ ಸೇರಿದೆವು. ಲೇಹ್‌ನಿಂದ ಸುಮಾರು 70 ಕಿಲೋಮೀಟರ್. ಸೇತುವೆ ದಾಟಿ ಸಿಂಧುವಿನ ಎಡದಂಡೆಗೆ ಹೋಗಬೇಕು. ಬೋಳುಬೆಟ್ಟಗಳ ನಡುವೆ ಹಸಿರು ಕಂಬಳಿ ಹಾಸಿದಂತೆ ಬಾರ್ಲಿಯ ಗದ್ದೆಗಳು, ಜರದಾಳು ಮರಗಳು. ನಾವು ಇಳಿದುಕೊಂಡದ್ದು ಒಂದು ರೈತರ ಮನೆಯಲ್ಲಿ. ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಲಡಾಖಿಯಲ್ಲಿ ಅಜ್ಜಿಗೆ ಅಬಿ. ಗೌರವಕ್ಕೆ ಕೊನೆಯಲ್ಲಿ 'ಲೆ' ಸೇರಿಸಿ ಅಬಿ-ಲೆ ಎನ್ನಬೇಕು, ನಾವು 'ಅಜ್ಜೀರೇ' ಎಂದಂತೆ.

ಅಮ್ಮ ಒಳಗೆ ಕಾಲಿಟ್ಟವಳೇ ಗೋಡೆಯನ್ನು ಅಂಗೈಯಿಂದ ಸವರಿ, ಉಗುರಿನಿಂದ ಕೆರೆದು, ಮೂಸಿ ನೋಡಿದಳು. "ಸೆಗಣಿ ಕಡಿಮೆ, ಹೊಟ್ಟು ಜಾಸ್ತಿ," ಎಂದು ತೀರ್ಪು ಕೊಟ್ಟಳು. ಹುರಿದ ಬಾರ್ಲಿಯ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಹುರಿಹಿಟ್ಟೇ ಅಲ್ಲವೇನೋ?" ಎಂದಳು. ಉಪ್ಪು, ಬೆಣ್ಣೆ ಹಾಕಿದ ಚಹವನ್ನು ಮಾತ್ರ ಅವಳು ಕಣ್ಣು ಮುಚ್ಚಿಕೊಂಡು ಔಷಧದಂತೆ ಕುಡಿದಳು.

ಮಗಳಿಗೆ ಅಚ್ಚರಿಯಾದದ್ದು ಶೌಚದ ಕೋಣೆ. ಮೇಲಂತಸ್ತಿನಲ್ಲಿ ನೆಲಕ್ಕೆ ಒಂದು ಚೌಕದ ಕಿಂಡಿ, ಮೂಲೆಯಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ನೀರಿಲ್ಲ. ಕೆಲಸ ಮುಗಿದ ಮೇಲೆ ಒಂದು ಸಲಿಕೆ ಮಣ್ಣು ತಳ್ಳಬೇಕು, ಅಷ್ಟೆ. ಗಾಳಿ ಒಣದಾದ್ದರಿಂದ ನಾತವಿಲ್ಲ. ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟಿ ಒಡೆಯುವ ಭಯವಿಲ್ಲ. ಕೆಳಗಿನ ಕೋಣೆಯಲ್ಲಿ ಅದು ವರ್ಷವಿಡೀ ಕಳಿತು, ವಸಂತದಲ್ಲಿ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಗದ್ದೆಯಿಂದ ಮನೆಗೆ, ಮನೆಯಿಂದ ಗದ್ದೆಗೆ. ಚೆಲ್ಲಿಹೋಗುವ ಪದಾರ್ಥ ಯಾವುದೂ ಇಲ್ಲ.

ನೀರಿನ ವ್ಯವಸ್ಥೆ ಇನ್ನೂ ಬಿಗಿಯಾದದ್ದು. ಹಿಮ ಕರಗಿದ ನೀರು ಯುರಾ ಎಂಬ ಕಾಲುವೆಗಳಲ್ಲಿ ಇಳಿದು, ಝಿಂಗ್ ಎಂಬ ಕೊಳಗಳಲ್ಲಿ ನಿಲ್ಲುತ್ತದೆ. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನಿರ್ಧರಿಸಲು ಲಡಾಖಿನ ಹಳ್ಳಿಗಳು ಚುರ್‌ಪೋನ್ ಎಂಬ ನೀರುಗಂಟಿಯನ್ನು ನೇಮಿಸಿಕೊಳ್ಳುತ್ತವೆ. ಊರಿನ ಮುಖಂಡನಾದ ಗೋಬಾನ ಹುದ್ದೆಯೂ ಎಷ್ಟೋ ಕಡೆ ಮನೆಯಿಂದ ಮನೆಗೆ ಸರದಿಯ ಮೇಲೆ ಬರುವಂಥದು. ಕುರಿಮೇಕೆ ಕಾಯುವುದಕ್ಕೂ ಸರದಿ ಉಂಟು. ಅದಕ್ಕೆ ರರೆಸ್ ಎಂದು ಹೆಸರು. ಒಂದೇ ಮನೆದೇವರಿಗೆ ನಡೆದುಕೊಳ್ಳುವ ಕೆಲವು ಮನೆಗಳ ಗುಂಪಿಗೆ ಫಸ್ಪುನ್ ಎನ್ನುತ್ತಾರೆ. ಹೆರಿಗೆ, ಮದುವೆ, ಸಾವು, ಯಾವುದೇ ಬರಲಿ, ಫಸ್ಪುನ್‌ನವರು ಕರೆಯದೆ ಬಂದು ನಿಲ್ಲಬೇಕು. ಸಾವಿನ ಮನೆಯಲ್ಲಿ ಹೆಣ ಹೊರುವವರೂ ಅವರೇ.

ಮರುದಿನ ಬೆಳಗ್ಗೆ ಅಲ್ಚಿಯ ಪ್ರಸಿದ್ಧ ದೇವಾಲಯಕ್ಕೆ ಹೋದೆವು. ಅಲ್ಲಿನ ಸುಮ್‌ತ್ಸೆಕ್ ಎಂಬ ಮೂರಂತಸ್ತಿನ ಗುಡಿಗೆ ಸುಮಾರು ಎಂಟುನೂರು ವರ್ಷವಾಗಿದೆ. ಒಳಗೆ ಮೂರು ದೊಡ್ಡ ಬೋಧಿಸತ್ವರ ವಿಗ್ರಹಗಳು, ಅವೂ ಮಣ್ಣಿನವೇ. ಪಾದ ಕೆಳಗಿನ ಅಂತಸ್ತಿನಲ್ಲಿ, ಮುಖ ಮೇಲಿನದರಲ್ಲಿ. ಅವಲೋಕಿತೇಶ್ವರನ ಧೋತ್ರದ ಮೇಲೆ ಅಂಗೈಯಗಲದ ಜಾಗದಲ್ಲಿ ಗುಡಿಗಳು, ಅರಮನೆಗಳು, ಜನರ ಸಾಲುಗಳನ್ನು ಕಾಶ್ಮೀರಿ ಕಲೆಯ ರೀತಿಯಲ್ಲಿ ಬರೆದಿದ್ದಾರೆ. ನಾನು ಮೆಲ್ಲಗೆ ಅಮ್ಮನಿಗೆ ವಿವರಿಸುತ್ತಿದ್ದೆ. ಬಾಗಿಲಲ್ಲಿ ಕೂತಿದ್ದ ಕೆಂಪು ವಸ್ತ್ರದ ಲಾಮಾ ಒಬ್ಬರು ತಟ್ಟನೆ ತಲೆಯೆತ್ತಿದರು.

"ಯಾವ ಊರ್ರೀ ನಿಮ್ದು?"

ಕ್ಷಣಕಾಲ ನಾವು ನಾಲ್ವರೂ ಮಾತೇ ಮರೆತೆವು. ಅಲ್ಚಿಯನ್ನು ನೋಡಿಕೊಳ್ಳುವುದು ಲಿಕಿರ್ ಮಠ. ಈ ಲಾಮಾ ಎಳೆಯ ವಯಸ್ಸಿನಲ್ಲಿ ಶಾಸ್ತ್ರಾಭ್ಯಾಸಕ್ಕೆಂದು ನಮ್ಮ ಮುಂಡಗೋಡದ ಡ್ರೆಪುಂಗ್ ಮಠಕ್ಕೆ ಹೋಗಿ ಹನ್ನೆರಡು ವರ್ಷ ಅಲ್ಲಿದ್ದವರು. ಸಂತೆಯಲ್ಲಿ ತರಕಾರಿ ಕೊಳ್ಳುತ್ತ ಕನ್ನಡ ಕಲಿತರಂತೆ. ಶಿರಸಿ ಎಂದ ಕೂಡಲೇ, "ಮಾರಿಕಾಂಬಾ ಜಾತ್ರಿ!" ಎಂದರು. ಅಮ್ಮನ ಕಣ್ಣಲ್ಲಿ ನೀರಾಡಿತು. "ತಮ್ಮಾ, ನೀನು ನಮ್ಮ ಕಡೆಯವನೇ ಆದೆಯಲ್ಲೋ," ಎಂದು, ಸನ್ಯಾಸಿಗಳೆಂಬುದನ್ನೂ ಮರೆತು ಏಕವಚನದಲ್ಲೇ ಮಾತಿಗಿಳಿದಳು.

ಆ ಸಂಜೆ ಲಾಮಾ ನಾವಿದ್ದ ಮನೆಗೆ ಬಂದರು. ಅಬಿ-ಲೆಗೆ ಲಡಾಖಿ ಬಿಟ್ಟು ಬೇರೆ ಬಾರದು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಇಬ್ಬರು ಅಜ್ಜಿಯರ ನಡುವೆ ಲಾಮಾ ದುಭಾಷಿಯಾಗಿ ಕೂತರು. ಹಿಂದಿಯ ಹಂಗಿಲ್ಲದೆ ಸಿಂಧುವಿನ ದಡದಲ್ಲಿ ಕನ್ನಡವೂ ಲಡಾಖಿಯೂ ನೇರವಾಗಿ ಮಾತಾಡಿದ್ದು ನನ್ನ ಮಟ್ಟಿಗೆ ಆ ಪ್ರವಾಸದ ಪರಮ ವೈಭವ.

ಅಮ್ಮನ ಮೊದಲ ಪ್ರಶ್ನೆ ಮಾಡಿನದೇ. "ಇಷ್ಟು ದೊಡ್ಡ ಮಣ್ಣಿನ ಮಾಡನ್ನು ನೋಡಿಕೊಳ್ಳುವವರು ಯಾರು?"

ಅಬಿ-ಲೆ ಹೇಳಿದರು: ಹಿಮ ಬಿದ್ದ ಕೂಡಲೇ ಮಾಡಿನ ಮೇಲಿಂದ ತಳ್ಳಬೇಕು, ಇಲ್ಲವಾದರೆ ಕರಗಿ ಒಳಗಿಳಿಯುತ್ತದೆ. ಬಿರುಕು ಬಿಟ್ಟಲ್ಲಿ ಹೊಸ ಮಣ್ಣು ಬಡಿಯಬೇಕು. ಹೊಸ ಮನೆ ಕಟ್ಟುವಾಗ ಊರೇ ಬರುತ್ತದೆ. ಯಜಮಾನ ಊಟ ಹಾಕುತ್ತಾನೆ, ಕೂಲಿ ಕೊಡುವುದಿಲ್ಲ. ನಾಳೆ ಅವರ ಮನೆಗೆ ಇವನು ಹೋಗುತ್ತಾನೆ. ಅದಕ್ಕೆ ಬೆಸ್ ಎನ್ನುತ್ತಾರೆ.

"ಮುಯ್ಯಾಳು!" ಎಂದಳು ಅಮ್ಮ. ಮಲೆನಾಡಿನಲ್ಲಿ ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು ಎಂದು ಆಳಿಗೆ ಆಳು ತೀರಿಸುವ ಪದ್ಧತಿ ಅದು. ಹನ್ನೆರಡು ವರ್ಷ ಕನ್ನಡನಾಡಿನಲ್ಲಿದ್ದ ಲಾಮಾ ಆ ಮಾತನ್ನು ಕೇಳಿರಲಿಲ್ಲ. ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡರು.

ಅಬಿ-ಲೆ ಮಾತು ಮುಂದುವರಿಸಿದರು. ಈಗ ಬೆಸ್‌ಗೆ ಕರೆದರೆ ಬರುವವರು ತಮ್ಮಂಥ ಮುದುಕಿಯರೇ. ಒಬ್ಬ ಮಗ ಲೇಹ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಇನ್ನೊಬ್ಬ ಸೈನ್ಯದಲ್ಲಿ, ಮೊಮ್ಮಗಳು ಓದುವುದಕ್ಕೆ ಚಂಡೀಗಡದಲ್ಲಿ. ಮನೆಯ ಪಕ್ಕಕ್ಕೆ ಪ್ರವಾಸಿಗಳಿಗೆಂದು ಸಿಮೆಂಟಿನ ಎರಡು ಕೋಣೆ ಕಟ್ಟಿಸಿದ್ದಾರೆ. ಕಟ್ಟಿದವರು ದೂರದ ರಾಜ್ಯದಿಂದ ಬಂದ ಕೂಲಿಗಳು. ಬೇಗ ಮುಗಿಯಿತು, ನೋಡಲು ನೇರವಾಗಿಯೂ ಇದೆ. ಆದರೆ ಚಳಿಗಾಲದಲ್ಲಿ ಅದರೊಳಗೆ ಕೂರಲಾಗದು. ಬುಖಾರಿ ಒಲೆ ಹಚ್ಚಿದರೂ ಗೋಡೆ ಕಾವು ಹಿಡಿಯುವುದಿಲ್ಲ. ಕೊನೆಗೆ ಅವರು ಹೇಳಿದ ಮಾತನ್ನು ಲಾಮಾ ನಿಧಾನವಾಗಿ ಕನ್ನಡಕ್ಕೆ ತಂದರು: "ಕೂಲಿ ಕೊಟ್ರ ಗ್ವಾಡಿ ಏಳ್ತದ. ಮುಂದಿನ ವರ್ಷ ಹಿಮ ತಳ್ಳಾಕ ಯಾರ್ ಬರ್ತಾರ?"

ಮಣ್ಣಿನ ಮನೆಯೇ ಸರ್ವರೋಗಕ್ಕೂ ಮದ್ದೆಂದು ಇದರಿಂದ ಯಾರೂ ತಿಳಿಯಬಾರದು. 2010ರ ಆಗಸ್ಟ್ 5ರ ರಾತ್ರಿ ಲೇಹ್‌ನ ಮೇಲೆ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಕೆಸರಾಗಿ ಹರಿದುಹೋದವು. ಮಳೆಯೇ ಇಲ್ಲವೆಂದು ಕಟ್ಟಿದ ಚಪ್ಪಟೆ ಮಾಡುಗಳಿಗೆ, ಬದಲಾಗುತ್ತಿರುವ ಈ ಹವೆ ಹೊಸ ಪರೀಕ್ಷೆ. ಹಿಮನದಿಗಳೂ ಹಿಂದೆ ಸರಿಯುತ್ತಿವೆ. ಬಿತ್ತನೆಯ ಹೊತ್ತಿಗೆ ನೀರು ಸಾಲದಾಗುತ್ತದೆ. ಇದಕ್ಕೆ ಉಪಾಯ ಹುಡುಕಿದವರಲ್ಲಿ ಮೊದಲಿಗರು ಚೆವಾಂಗ್ ನೋರ್ಫೆಲ್. ನಮ್ಮಂತೆ ಸರಕಾರಿ ನೌಕರರು, ಸಿವಿಲ್ ಎಂಜಿನಿಯರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ನೀರನ್ನು ನೆರಳಿನ ಇಳಿಜಾರಿನಲ್ಲಿ ಒಡ್ಡುಗಳ ಹಿಂದೆ ಹೆಪ್ಪುಗಟ್ಟಿಸಿ, ವಸಂತದಲ್ಲಿ ಕರಗಿಸಿಕೊಳ್ಳುವ ಕೃತಕ ಹಿಮನದಿಗಳನ್ನು ಅವರು ಕಟ್ಟಿಸಿದರು. 2015ರಲ್ಲಿ ಪದ್ಮಶ್ರೀ ಬಂತು. ಆದರೆ ಆ ಒಡ್ಡುಗಳನ್ನೂ ವರ್ಷವರ್ಷ ದುರಸ್ತಿ ಮಾಡಬೇಕಾದವರು ಊರಿನವರೇ. ಎತ್ತಿಂದ ಹೊರಟರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಮಣ್ಣು, ಬಿಸಿಲು, ನೀರು ಎಲ್ಲವೂ ಇದ್ದರೂ ಬೆಟ್ಟದಲ್ಲಿ ಮನೆ ನಿಲ್ಲುವುದು ನೆರೆಯವರ ಕೈಯಿಂದ.

ಅಬಿ-ಲೆ ಅಮ್ಮನನ್ನು ಕೇಳಿದರು: "ನಿಮ್ಮ ಮನೆ ಈಗ ಯಾರು ನೋಡಿಕೊಳ್ಳುತ್ತಾರೆ?"

ಅಮ್ಮ ಉತ್ತರ ಹೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಶಿರಸಿಯ ಬಳಿಯ ನಮ್ಮ ಮನೆಗೆ ಬೀಗ ಬಿದ್ದು ಮೂರು ವರ್ಷವಾಗಿತ್ತು. ಅದರಲ್ಲಿ ದೊಡ್ಡಪ್ಪನ ಮಕ್ಕಳಿಗೂ ಪಾಲು. ಒಬ್ಬ ಪುಣೆಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಮನೆ ಕೆಡವಿ ಮರಮುಟ್ಟು ಮಾರಿಬಿಡೋಣ, ಒಪ್ಪಿಗೆಯ ಸಹಿ ಕಳಿಸು ಎಂದು ಅವರು ಆ ವರ್ಷ ಯುಗಾದಿಗೆ ಬರೆದಿದ್ದರು. ಕಾಗದ ನನ್ನ ಮೇಜಿನಲ್ಲಿತ್ತು.

ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅಮ್ಮ ಹೇಳಿದಳು: "ಮಾರುವುದಾದರೆ ಮಾರಿ, ಬೇಡವೆನ್ನುವುದಿಲ್ಲ. ಆದರೆ ಒಬ್ಬೊಬ್ಬರು ಒಂದೊಂದು ಊರಿನಿಂದ ಸಹಿ ಹಾಕಿ ಕಳಿಸಬೇಡಿ. ಎಲ್ಲರೂ ಒಂದು ಸಲ ಅಲ್ಲಿ ಸೇರಿ, ಹಂಚು ಕೈಯಾಡಿಸಿ, ಆ ನೆಲದ ಮೇಲೆ ಕೂತು ಊಟ ಮಾಡಿ ಆಮೇಲೆ ತೀರ್ಮಾನ ಮಾಡಿ."

2019ರ ಏಪ್ರಿಲ್‌ನಲ್ಲಿ ಹನ್ನೊಂದು ಜನ ಸೇರಿದೆವು. ನಾಲ್ಕು ದಿನ ಹಂಚು ಇಳಿಸಿ ಏರಿಸಿದೆವು. ನೆರೆಯ ಇಬ್ಬರು ಕರೆಯದೆಯೇ ಬಂದು ಮಾಡು ಹತ್ತಿದರು. ಐದನೆಯ ದಿನ ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಆ ವರ್ಷದ ಆಗಸ್ಟಿನ ಮಳೆಗೆ ಕೊಟ್ಟಿಗೆ ಕುಸಿಯಿತು. ಅದನ್ನು ಮತ್ತೆ ಕಟ್ಟಲಾಗಲಿಲ್ಲ. ಮನೆ ನಿಂತಿದೆ. ಬಾಡಿಗೆ ಇಲ್ಲದೆ ಒಂದು ಸಂಸಾರ ಅದರಲ್ಲಿ ದೀಪ ಹಚ್ಚುತ್ತದೆ. ಪ್ರತಿ ಬೇಸಗೆಯಲ್ಲೂ ನಾವು ನಾಲ್ವರಲ್ಲಿ ಒಬ್ಬರು ಸರದಿಯ ಮೇಲೆ ಹೋಗಿ ಮಳೆಗಾಲಕ್ಕೆ ಮುಂಚೆ ಹಂಚು ನೋಡಿ ಬರುತ್ತೇವೆ. ಅಮ್ಮ ಅದಕ್ಕೆ ರರೆಸ್ ಎಂದೇ ಹೆಸರಿಟ್ಟಿದ್ದಾಳೆ. ಅದು ಮೇಕೆ ಕಾಯುವ ಸರದಿಯೆಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

ಲಡಾಖಿಗೆ ಹೊರಡುವ ವಾಚಕರಿಗೆ ಕೊನೆಯದಾಗಿ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಮೊದಲ ಎರಡು ದಿನ ಕಡ್ಡಾಯವಾಗಿ ವಿಶ್ರಾಂತಿ ತೆಗೆದುಕೊಳ್ಳಿ. ವಯಸ್ಸಾದವರಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕೇಳಿ. ಸಾಧ್ಯವಾದರೆ ಹೋಟೆಲನ್ನು ಬಿಟ್ಟು ಹಳ್ಳಿಯ ಮನೆಯಲ್ಲಿ ಇಳಿದುಕೊಳ್ಳಿ, ಮಣ್ಣಿನ ಕೋಣೆಯನ್ನೇ ಕೇಳಿ ಪಡೆಯಿರಿ. ನೀರನ್ನು ಹಿತಮಿತವಾಗಿ ಬಳಸಿ. ಗುಡಿಗಳಿಗೆ ಹೋದಾಗ, ಮೆಲುದನಿಯಲ್ಲೇ ಆಗಲಿ, ಕನ್ನಡದಲ್ಲಿ ನಾಲ್ಕು ಮಾತಾಡಿ. ಮುಂಡಗೋಡದಲ್ಲೋ ಬೈಲಕುಪ್ಪೆಯಲ್ಲೋ ಓದಿ ಬಂದ ಲಾಮಾಗಳು ಲಡಾಖಿನ ಮಠಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಬಾಗಿಲ ಬಳಿ ಕೂತವರಲ್ಲಿ ಯಾರಾದರೊಬ್ಬರು ತಲೆಯೆತ್ತಿ ನೋಡಿಯಾರು.